ಘಟ್ಟದ ಬುಡದ ಕಾಡು ಮತ್ತು ನಮ್ಮೂರ ಹವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆ ಬೇಸಗೆಯಲ್ಲಿ ನಾಲ್ಕು ಜನ ಸೇರಿದರೆ ಎರಡು ಮಾತು ಬಂದೇ ಬರುತ್ತದೆ. ಒಂದು ಸೆಕೆ, ಇನ್ನೊಂದು ಬಾವಿಯ ನೀರು. ಸ್ವಲ್ಪ ಹೊತ್ತಿನಲ್ಲಿ ಮಾತು ಕಾಡಿನ ಕಡೆ ಹೊರಳುತ್ತದೆ. ಅಂಥ ಕಡೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕಾಡಿನ ಪರ ಮಾತಾಡುವವರೂ ಕೆಲವೊಮ್ಮೆ ತಪ್ಪು ಕಾರಣ ಕೊಡುತ್ತಾರೆ. ಸರಿಯಾದ ಕಾರಣಗಳೇ ಬೇಕಾದಷ್ಟು ಇರುವಾಗ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ಘಟ್ಟದ ಬುಡ ಎಂದರೆ ಎಲ್ಲಿಂದ ಎಲ್ಲಿಯವರೆಗೆ?

ಕೊಲ್ಲೂರು, ಸಿದ್ದಾಪುರ, ಹೆಬ್ರಿ, ಸೋಮೇಶ್ವರ, ಮಾಳ, ನಾರಾವಿ, ಚಾರ್ಮಾಡಿ, ಶಿಶಿಲ, ಸುಬ್ರಹ್ಮಣ್ಯ. ಈ ಊರುಗಳನ್ನು ಒಂದು ಗೆರೆಯಲ್ಲಿ ಸೇರಿಸಿದರೆ ಸಿಗುವ ಪಟ್ಟಿಯೇ ಘಟ್ಟದ ಬುಡ. ನಮ್ಮ ಕರಾವಳಿ ತುಂಬ ಕಿರಿದು. ಉಡುಪಿಯಿಂದ ಹೆಬ್ರಿಗೆ ಸುಮಾರು 30 ಕಿ.ಮೀ. ಅಷ್ಟು ದೂರ ನೆಲ ಮೆಲ್ಲಗೆ ಏರುತ್ತದೆ. ಸೋಮೇಶ್ವರ ದಾಟಿದ ಮೇಲೆ 14 ಹಿಮ್ಮುರಿ ತಿರುವುಗಳಲ್ಲಿ ರಸ್ತೆ ಒಮ್ಮೆಲೇ ಆಗುಂಬೆಗೆ, ಅಂದರೆ ಸುಮಾರು 650 ಮೀಟರ್ ಎತ್ತರಕ್ಕೆ ಏರುತ್ತದೆ. ಸಮುದ್ರ ಇಷ್ಟು ಹತ್ತಿರ, ಗೋಡೆಯಂಥ ಬೆಟ್ಟವೂ ಇಷ್ಟು ಹತ್ತಿರ. ಕೆಳಗಿನ ಎಲ್ಲ ಉತ್ತರಗಳಿಗೂ ಇದೇ ಆಧಾರ.

ಸೋಮೇಶ್ವರ ಮತ್ತು ಮೂಕಾಂಬಿಕಾ ಅಭಯಾರಣ್ಯಗಳು, ಕುದುರೆಮುಖ ರಾಷ್ಟ್ರೀಯ ಉದ್ಯಾನ ಇರುವುದು ಈ ಗೋಡೆಯ ಮೈಮೇಲೆ ಮತ್ತು ಬುಡದಲ್ಲಿ.

ಕಾಡಿನೊಳಗೆ ಕಾಲಿಟ್ಟ ಕೂಡಲೇ ತಂಪಾಗುತ್ತದೆ. ಅದು ಬರೀ ನೆರಳಿನಿಂದ ಅಲ್ವಾ?

ನೆರಳು ಅರ್ಧ ಕಾರಣ ಮಾತ್ರ. ತಗಡಿನ ಮಾಡಿನ ಕೆಳಗೂ ನೆರಳಿದೆ, ಆದರೆ ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೂರಲು ಆಗುವುದಿಲ್ಲ. ತಗಡು ಬಿಸಿಲನ್ನು ಹೀರಿ, ಕಾದು, ಆ ಬಿಸಿಯನ್ನು ಕೆಳಗೂ ಬಿಡುತ್ತದೆ. ಎಲೆಯೂ ಬಿಸಿಲನ್ನು ಹೀರುತ್ತದೆ. ಆದರೆ ಅದರ ಬಹುಪಾಲನ್ನು ನೀರನ್ನು ಆವಿ ಮಾಡಲು ಬಳಸುತ್ತದೆ.

ಇದರ ಲೆಕ್ಕ ನೋಡಿದರೆ ಮರದ ಮೇಲೆ ಗೌರವ ಹುಟ್ಟುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.7 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಬೇರಿಗೆ ನೀರು ಸಿಗುವ ಒಂದು ದೊಡ್ಡ ಮರ ದಿನಕ್ಕೆ 100 ಲೀಟರ್ ನೀರನ್ನು ಗಾಳಿಗೆ ಬಿಟ್ಟರೆ, ಸುಮಾರು 70 ಯೂನಿಟ್‌ನಷ್ಟು ಶಾಖ ಆವಿಯೊಂದಿಗೆ ಹೋಯಿತು. ಒಂದೂವರೆ ಟನ್ನಿನ ಎಸಿ ಹದಿಮೂರು ಗಂಟೆ ಓಡಿದರೆ ಒಂದು ಕೋಣೆಯಿಂದ ಹೊರಗೆ ಹಾಕುವ ಶಾಖ ಹತ್ತಿರ ಹತ್ತಿರ ಅಷ್ಟೇ. ಎಸಿ ಆ ಬಿಸಿಯನ್ನು ಹೊರಗಿನ ಗೋಡೆಯ ಪಕ್ಕಕ್ಕೆ ಉಗುಳುತ್ತದೆ. ಮರ ಕಳಿಸಿದ ಶಾಖ ಆವಿಯಲ್ಲಿ ಅಡಗಿ, ಮೋಡ ಕಟ್ಟುವಾಗ ಎಲ್ಲೋ ಮೇಲೆ ಬಿಡುಗಡೆಯಾಗುತ್ತದೆ.

ದಟ್ಟ ಕಾಡಿನ ಬಣ್ಣ ಕಡುಹಸಿರು. ಹಾಗಾಗಿ ಅದು ಒಣ ಹುಲ್ಲಿನ ಬಯಲಿಗಿಂತ ಜಾಸ್ತಿ ಬಿಸಿಲನ್ನೇ ಹೀರುತ್ತದೆ. ಆದರೂ ನಮ್ಮಂಥ ಮಳೆನಾಡಿನಲ್ಲಿ ಕಾಡೇ ತಂಪು. ಆವಿಯ ಕೆಲಸ ಅಷ್ಟು ದೊಡ್ಡದು.

ಐದು ಖಂಡಗಳ ಕಾಡುಗಳ ಅಳತೆಗಳನ್ನು ಒಟ್ಟು ಮಾಡಿ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರ ಪ್ರಕಾರ ಕಾಡಿನೊಳಗಿನ ಗರಿಷ್ಠ ಉಷ್ಣತೆ ಹೊರಗಿನ ಬಯಲಿಗಿಂತ ಸರಾಸರಿ 4 ಡಿಗ್ರಿ ಸೆಲ್ಸಿಯಸ್ ಕಡಿಮೆ. ಕನಿಷ್ಠ ಉಷ್ಣತೆ ಮಾತ್ರ ಸುಮಾರು 1 ಡಿಗ್ರಿ ಜಾಸ್ತಿ. ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹಾರಿಹೋಗದಂತೆ ಎಲೆಗಳ ಚಪ್ಪರ ತಡೆಯುತ್ತದೆ. ಹಾಗಾಗಿ ಕಾಡು ತಂಪು ಮಾಡುತ್ತದೆ ಎನ್ನುವುದಕ್ಕಿಂತ, ಹಗಲು ರಾತ್ರಿಗಳ ಏರಿಳಿತವನ್ನು ತಗ್ಗಿಸುತ್ತದೆ ಎನ್ನುವುದು ಹೆಚ್ಚು ಸರಿ.

ಕಾಡಿದ್ದರೆ ಮಳೆ ಜಾಸ್ತಿ ಬರುತ್ತದಾ?

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಮೋಸವಾಗುತ್ತದೆ. ಎರಡು ಮಳೆಗಳನ್ನು ಬೇರೆ ಬೇರೆ ನೋಡಬೇಕು.

ಮೊದಲನೆಯದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ಈ ಮಳೆಯ ನೀರು ಅರಬ್ಬಿ ಸಮುದ್ರದ ಕಡೆಯಿಂದ ಬರುತ್ತದೆ. ಗಾಳಿ ಅದನ್ನು ಹೊತ್ತು ತಂದು ಘಟ್ಟಕ್ಕೆ ಢಿಕ್ಕಿ ಹೊಡೆಯುತ್ತದೆ. ಬೇರೆ ದಾರಿ ಇಲ್ಲದೆ ಮೇಲೇರುತ್ತದೆ. ಏರಿದ ತೇವದ ಗಾಳಿ ಪ್ರತಿ ಕಿಲೋಮೀಟರಿಗೆ ಐದಾರು ಡಿಗ್ರಿ ತಣ್ಣಗಾಗುತ್ತದೆ, ಹಿಡಿದಿಟ್ಟ ನೀರನ್ನು ಸುರಿಸುತ್ತದೆ. ಅದಕ್ಕೇ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾದರೆ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಅಲ್ಲಿಂದ ಮುಂದೆ ಶಿವಮೊಗ್ಗ ಪೇಟೆ ಮುಟ್ಟುವಾಗ 1,000 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಈ ದೊಡ್ಡ ಏರಿಳಿತ ಬೆಟ್ಟದ ಕೆಲಸ, ಮರಗಳದ್ದಲ್ಲ. ನಾಳೆ ಆಗುಂಬೆಯ ಕಾಡು ಬೋಳಾದರೂ ಜುಲೈ ತಿಂಗಳಲ್ಲಿ ಅಲ್ಲಿ ಜೋರು ಮಳೆ ಬೀಳುತ್ತದೆ. ಕಾಡು ಕಡಿದದ್ದಕ್ಕೆ ಮಳೆಗಾಲವೇ ನಿಂತುಹೋಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟರೆ, ಮುಂದಿನ ಜುಲೈ ಬಂದಾಗ ಅವರು ನಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಎರಡನೆಯದು ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ. ಇದರ ಕಥೆ ಬೇರೆ. ಬೆಳಿಗ್ಗೆಯಿಂದ ನೆಲ ಕಾಯುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಒಳನಾಡಿಗೆ ನುಗ್ಗಿ ಘಟ್ಟದ ಇಳಿಜಾರನ್ನು ಹತ್ತುತ್ತದೆ. ಮೂರು ನಾಲ್ಕು ಗಂಟೆಗೆ ಮೂಡು ದಿಕ್ಕು ಕಪ್ಪಾಗುತ್ತದೆ. ಸುಬ್ರಹ್ಮಣ್ಯ, ಬೆಳ್ತಂಗಡಿ, ಹೆಬ್ರಿಯಲ್ಲಿ ಸಿಡಿಲು ಸಮೇತ ಮಳೆ ಸುರಿಯುವಾಗ ಮಂಗಳೂರು, ಮಲ್ಪೆಯವರಿಗೆ ದೂರದ ಮಿಂಚು ಮಾತ್ರ ಕಾಣುತ್ತದೆ. ಆ ಹೊತ್ತಿನಲ್ಲಿ ಗಾಳಿಯಲ್ಲಿ ಎಷ್ಟು ತೇವ ಇದೆ ಎಂಬುದು ಮುಖ್ಯ. ಬಯಲಿನ ಹುಲ್ಲು ಜನವರಿಯಲ್ಲೇ ಒಣಗಿರುತ್ತದೆ. ಆಳಕ್ಕೆ ಬೇರು ಇಳಿಸಿದ ನಿತ್ಯಹಸಿರು ಮರಗಳು ಮಾತ್ರ ಆಗಲೂ ನೆಲದಡಿಯ ನೀರನ್ನು ಗಾಳಿಗೆ ಕೊಡುತ್ತಿರುತ್ತವೆ. ಹಾಗಾಗಿ ಈ ಬಿಡಿ ಬಿಡಿ ಮಳೆಗಳಲ್ಲಿ ಕಾಡಿನ ಪಾಲು ಮಳೆಗಾಲದ್ದಕ್ಕಿಂತ ದೊಡ್ಡದು. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಆಚರಣೆಯ ದಿನ) ಹತ್ತು ಹನಿಯಾದರೂ ಬೀಳಬೇಕು ಎಂದು ತುಳುವರು ಕಾಯುವುದು ಇಂಥ ಮಳೆಗೇ. ಪ್ರಮಾಣ ಕಡಿಮೆ ಇರಬಹುದು. ಆದರೆ ಬತ್ತುತ್ತಿರುವ ತೋಟಕ್ಕೆ ಮೇ ತಿಂಗಳ 30 ಮಿ.ಮೀ. ಮಳೆಯ ಬೆಲೆ ಜುಲೈನ 300 ಮಿ.ಮೀ.ಗೂ ಇಲ್ಲ.

ಅಮೆಜಾನ್‌ನಲ್ಲಿ ಕಾಡೇ ಮಳೆ ತರಿಸುತ್ತದೆ ಎಂದು ಓದಿದ್ದೇವಲ್ಲ?

ಅದು ನಿಜ. ಅಲ್ಲಿ ಕಾಡು ಸಾವಿರಾರು ಕಿಲೋಮೀಟರ್ ಹರಡಿದೆ. ಒಂದು ಕಡೆ ಬಿದ್ದ ಮಳೆಯನ್ನು ಮರಗಳು ಗಾಳಿಗೆ ಮರಳಿಸುತ್ತವೆ, ಅದು ಮುಂದೆ ಹೋಗಿ ಮತ್ತೆ ಮಳೆಯಾಗುತ್ತದೆ. ನಮ್ಮದು ಸಮುದ್ರದ ಪಕ್ಕದ ಕಿರಿದಾದ ಪಟ್ಟಿ. ನಮ್ಮ ಕಾಡು ಬಿಟ್ಟ ಆವಿ ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ ನಿಲ್ಲುವುದಿಲ್ಲ, ಗಾಳಿಯೊಂದಿಗೆ ಮೂಡಣಕ್ಕೆ ಹೋಗುತ್ತದೆ. ಪಶ್ಚಿಮ ಘಟ್ಟದ ಕಾಡಿನಿಂದ ಹೋಗುವ ತೇವ ತಮಿಳುನಾಡಿನ ಮಳೆಗೆ ಗಣನೀಯವಾಗಿ ಸೇರುತ್ತದೆ, ಮಳೆ ಕಡಿಮೆಯಾದ ವರ್ಷಗಳಲ್ಲಿ ಆ ಪಾಲು ಇನ್ನೂ ಹೆಚ್ಚು ಎಂದು ಐಐಟಿ ಮುಂಬೈ ಸಂಶೋಧಕರು 2018ರಲ್ಲಿ ತೋರಿಸಿದರು. ನಮ್ಮ ಹೆಬ್ರಿಯ ಮರ ಯಾರದೋ ದೂರದ ಗದ್ದೆಗೆ ನೀರು ಕಳಿಸುತ್ತಿದೆ ಎಂದು ತಿಳಿದಾಗ ನನಗಂತೂ ಹೆಮ್ಮೆಯೇ ಆಯಿತು.

ಇಷ್ಟು ಮಳೆ ಬಿದ್ದೂ ಏಪ್ರಿಲ್‌ನಲ್ಲಿ ಬಾವಿ ಬತ್ತುವುದು ಯಾಕೆ?

ಒಂದು ಸೆಂಟ್ಸ್ (ಎಕರೆಯ ನೂರರಲ್ಲಿ ಒಂದು ಪಾಲು) ಜಾಗದ ಮೇಲೆ ಒಂದು ಮಿ.ಮೀ. ಮಳೆ ಎಂದರೆ 40 ಲೀಟರ್ ನೀರು. 4,000 ಮಿ.ಮೀ. ಬಿದ್ದರೆ ಒಂದು ಎಕರೆಯ ಮೇಲೆ ವರ್ಷಕ್ಕೆ ಸುಮಾರು 1.6 ಕೋಟಿ ಲೀಟರ್. ಬರಗಾಲ ಎಂಬ ಪದ ನಮಗೆ ಒಗ್ಗಲೇಬಾರದು. ಆದರೆ ಈ ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ನೆಲ ಇಳಿಜಾರು. ಸೀತಾ, ಸ್ವರ್ಣಾ, ನೇತ್ರಾವತಿ ಹೊಳೆಗಳಿಗೆ ಸಮುದ್ರ ಹತ್ತಿರ. ಓಡಿದ ನೀರು ಸಿಗುವುದಿಲ್ಲ.

ನೆಲದ ಗುಣವೂ ಸೇರಿಕೊಳ್ಳುತ್ತದೆ. ನಮ್ಮ ಪದವುಗಳಲ್ಲಿ, ಅಂದರೆ ಎತ್ತರದ ಬಯಲುಗಳಲ್ಲಿ, ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ನೀರು ಸುಲಭವಾಗಿ ಇಳಿಯದ ಶೇಡಿ ಎಂಬ ಜೇಡಿ ಮಣ್ಣು. ಮುರಕಲ್ಲಿನ ತೂತುಗಳಲ್ಲಿ ನೀರು ಬೇಗ ಇಳಿಯುತ್ತದೆ. ಶೇಡಿಯ ಮೇಲೆ ಜಾರಿ, ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಬಿದ್ದು, ತೋಡು (ಸಣ್ಣ ಹಳ್ಳ) ಸೇರುತ್ತದೆ. ಈ ಪ್ರಯಾಣ ಎಷ್ಟು ನಿಧಾನವೋ ಬಾವಿಯಲ್ಲಿ ಅಷ್ಟು ದಿನ ನೀರು.

ಕಾಡು ಇಲ್ಲಿ ಕೈ ಹಾಕುತ್ತದೆ. ಹನಿಯ ಹೊಡೆತ ಮೊದಲು ಎಲೆಗೆ ಬೀಳುತ್ತದೆ, ಆಮೇಲೆ ಪೊದೆಗೆ, ಆಮೇಲೆ ತರಗೆಲೆಗೆ. ಮಣ್ಣಿನ ಬಾಯಿ ಮುಚ್ಚಿಹೋಗುವುದಿಲ್ಲ. ಬೇರು ಸತ್ತು ಕೊಳೆತ ಜಾಗ, ಎರೆಹುಳು ಮತ್ತು ಗೆದ್ದಲು ಕೊರೆದ ದಾರಿ, ಎಲ್ಲ ಕಡೆಯಿಂದ ನೀರು ಒಳಗೆ ಇಳಿಯುತ್ತದೆ. ಉತ್ತರ ಕನ್ನಡದ ಗುಡ್ಡಗಳಲ್ಲಿ ನಡೆದ ಅಳತೆಗಳಲ್ಲಿ ದಟ್ಟ ಕಾಡಿನ ಮಣ್ಣು ನೀರನ್ನು ಚೆನ್ನಾಗಿ ಹೀರಿಕೊಂಡರೆ, ದನಕರು ತುಳಿದು, ಸೊಪ್ಪು ಬಾಚಿ ಬರಡಾದ ಗುಡ್ಡದಲ್ಲಿ ನೀರು ಮೇಲಿಂದಲೇ ಹರಿದುಹೋಗಿತ್ತು.

2016ರಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಕಟ್ಟೆ ಸೊರಗಿತ್ತು. 2019ರ ಬೇಸಗೆಯಲ್ಲಿ ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಕಟ್ಟೆಯಲ್ಲೂ ನೀರು ತಳ ಕಂಡಿತ್ತು. ಮಳೆ ತಡವಾದದ್ದು ತಕ್ಷಣದ ಕಾರಣ. ಆದರೆ ಬೇಸಗೆಯಲ್ಲಿ ಹೊಳೆಗೆ ಬರುವ ನೀರೆಲ್ಲ ಘಟ್ಟದ ಬುಡದ ನೆಲ ಮಳೆಗಾಲದಲ್ಲಿ ಹಿಡಿದಿಟ್ಟದ್ದು. ಪೇಟೆಯ ನಲ್ಲಿಗೆ ನೀರು ಅಲ್ಲಿಂದ ಬರುತ್ತದೆ ಎಂಬುದನ್ನು ಪೇಟೆಯವರು ಮರೆಯಬಾರದು.

ಮರಗಳೇ ನೀರು ಕುಡಿದು ಬಾವಿ ಬತ್ತಿಸುತ್ತವೆ ಎನ್ನುತ್ತಾರಲ್ಲ?

ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಮರ ನೀರು ಕುಡಿಯುತ್ತದೆ, ಹುಲ್ಲಿಗಿಂತ ಜಾಸ್ತಿಯೇ ಕುಡಿಯುತ್ತದೆ. ಪ್ರಶ್ನೆ ಇರುವುದು ಜಮೆ ಎಷ್ಟು, ಖರ್ಚು ಎಷ್ಟು ಎಂಬುದರಲ್ಲಿ. ಮಳೆ ಕಡಿಮೆ ಇರುವ ಬಯಲುಸೀಮೆಯಲ್ಲಿ ಗುಡ್ಡದ ತುಂಬ ನೀಲಗಿರಿ ನೆಟ್ಟರೆ ಖರ್ಚೇ ಮೇಲಾಗಬಹುದು. ನಮ್ಮಲ್ಲಿ ಮಳೆಗಾಲದ ನೀರು ಅಪಾರ. ಮಣ್ಣಿಗೆ ಇಳಿಸುವ ಕೆಲಸವನ್ನು ಕಾಡು ಚೆನ್ನಾಗಿ ಮಾಡಿದರೆ, ಮರ ಕುಡಿದ ಮೇಲೂ ಬಾವಿಗೆ ಉಳಿಯುತ್ತದೆ. ಆದರೆ ಬರಡಾದ ಮಣ್ಣಿನ ಮೇಲೆ ಬೇಗ ಬೆಳೆಯುವ ಒಂದೇ ಜಾತಿ ನೆಟ್ಟರೆ ಕೆಲವು ವರ್ಷ ಖರ್ಚು ಶುರುವಾಗಿರುತ್ತದೆ, ಜಮೆ ಶುರುವಾಗಿರುವುದಿಲ್ಲ. ಮಣ್ಣು ಸರಿಯಾಗಲು ಮರ ಬೆಳೆಯುವುದಕ್ಕಿಂತ ಹೆಚ್ಚು ಕಾಲ ಬೇಕು.

ರಬ್ಬರ್, ಅಕೇಶಿಯಾ, ಗೇರು, ಅಡಿಕೆ: ಇವೂ ಹಸಿರೇ ಅಲ್ವಾ?

ಮೇಲಿನಿಂದ ಫೋಟೋ ತೆಗೆದರೆ ಎಲ್ಲವೂ ಹಸಿರೇ. ನೆಲದ ಮಟ್ಟದಲ್ಲಿ ನಿಂತರೆ ಹಾಗಲ್ಲ.

ರಬ್ಬರ್ ಡಿಸೆಂಬರ್‌ನಿಂದ ಫೆಬ್ರವರಿ ನಡುವೆ ಎಲೆ ಉದುರಿಸುತ್ತದೆ. ಬೋಳು ಕೊಂಬೆಗಳ ನಡುವೆ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಅದೂ ಒಣ ಹವೆಯ ಕಾಲದಲ್ಲಿ. ಸುಳ್ಯ, ಕಡಬ, ಬೆಳ್ತಂಗಡಿ ಕಡೆ ಗುಡ್ಡಕ್ಕೆ ಗುಡ್ಡವೇ ರಬ್ಬರ್ ಆದಲ್ಲಿ ಇದು ಎದ್ದು ಕಾಣುತ್ತದೆ.

ಅಕೇಶಿಯಾ ಆಸ್ಟ್ರೇಲಿಯಾ ಕಡೆಯ ಮರ. ಬೋಳು ಪದವುಗಳನ್ನು ಬೇಗ ಹಸಿರು ಮಾಡಲು ತಂದದ್ದು. ನೆರಳು ಕೊಡುತ್ತದೆ, ಬಿಸಿಲಿನ ಹೊಡೆತ ತಗ್ಗಿಸುತ್ತದೆ. ಆದರೆ ಅದರ ದಪ್ಪ ಎಲೆ ಬೇಗ ಕೊಳೆಯುವುದಿಲ್ಲ, ಅಡಿಯಲ್ಲಿ ಬೇರೆ ಗಿಡ ಕಡಿಮೆ, ಬೇಸಗೆಯಲ್ಲಿ ಬೆಂಕಿಗೆ ಒಳ್ಳೆಯ ಸೌದೆ. ಗೇರು ನಿತ್ಯಹಸಿರು, ನೆಲದ ಹತ್ತಿರದವರೆಗೆ ಹರಡುತ್ತದೆ. ಆದರೆ ಬೀಜ ಹೆಕ್ಕಲು ಅಡಿಯನ್ನು ಸವರಿ ಬೋಳು ಮಾಡಿರುತ್ತೇವೆ. ಅಡಿಕೆ ತೋಟ ಒಳಗಿನಿಂದ ತಂಪು, ನಿಜ. ಆ ತಂಪಿನ ಪಾಲು ಬೋರ್‌ವೆಲ್ ನೀರಿನಿಂದ ಬಂದದ್ದು. ಪಂಪ್ ನಿಂತರೆ ತಂಪೂ ನಿಲ್ಲುತ್ತದೆ.

ನಾಡ ಕಾಡಿನಲ್ಲಿ ಧೂಪ, ಕಿರಾಲ್ಬೋಗಿ, ಹೆಬ್ಬಲಸು ಮೇಲೆ. ಮುರುಗಲು, ನೇರಳೆ ನಡುವೆ. ಪೊದೆ, ಬಳ್ಳಿ ಕೆಳಗೆ. ಇಷ್ಟು ಅಂತಸ್ತು ಇರುವುದರಿಂದ ಗಾಳಿ ನಿಧಾನವಾಗುತ್ತದೆ, ತೇವ ಒಳಗೇ ನಿಲ್ಲುತ್ತದೆ. ಒಂದೇ ಅಂತಸ್ತಿನ ತೋಟಕ್ಕೆ ಅದು ಸಾಧ್ಯವಿಲ್ಲ.

ಅಡಿಕೆ ತೋಟದ ಪಕ್ಕ ಕಾಡಿದ್ದರೆ ಕಾಯಿ ಉದುರಿಸುವ ಕೊಳೆರೋಗ ಜಾಸ್ತಿಯಾಗುತ್ತದಾ?

ತೋಟಕ್ಕೆ ತೀರಾ ಒತ್ತಿಕೊಂಡ ಮರ ಇದ್ದರೆ ಗಾಳಿ ಆಡುವುದಿಲ್ಲ, ಗೊನೆ ಒಣಗುವುದು ತಡವಾಗುತ್ತದೆ, ಕೊಳೆರೋಗಕ್ಕೆ ಅನುಕೂಲ. ಇದನ್ನು ಕೃಷಿಕರು ಸರಿಯಾಗಿಯೇ ಗಮನಿಸಿದ್ದಾರೆ. ಆದರೆ ಜುಲೈನಲ್ಲಿ ಎಡೆಬಿಡದೆ ಮಳೆ ಸುರಿಯುವಾಗ ಕಾಡು ಇಲ್ಲದ ಬಯಲಿನ ತೋಟದಲ್ಲೂ ಗಾಳಿಯ ತೇವ ತುದಿ ಮುಟ್ಟಿರುತ್ತದೆ. ಶೇ. 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಮಳೆಗೆ ಮೊದಲು, ಮತ್ತೆ 40–45 ದಿನ ಬಿಟ್ಟು ಹೊಡೆಯುವುದು ಎರಡೂ ಕಡೆ ತಪ್ಪುವುದಿಲ್ಲ.

ಇನ್ನೊಂದು ಬದಿಯನ್ನೂ ನೋಡಬೇಕು. ತೆಂಕು ಮತ್ತು ಪಡುವಣ ಬದಿ ತೆರೆದಿದ್ದರೆ ಮಧ್ಯಾಹ್ನದ ಓರೆ ಬಿಸಿಲು ಅಡಿಕೆ ಮರದ ಕಾಂಡಕ್ಕೆ ನೇರ ಹೊಡೆಯುತ್ತದೆ. ಸುಟ್ಟ ಕಡೆ ಸೀಳು ಬಂದು, ಕೆಲವು ವರ್ಷದಲ್ಲಿ ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಕಾಂಡಕ್ಕೆ ಸೋಗೆ (ಒಣ ಗರಿ) ಕಟ್ಟುವುದು, ಸುಣ್ಣ ಬಳಿಯುವುದು ಇದಕ್ಕೇ. ಆ ಎರಡು ಬದಿಗಳಲ್ಲಿ ಒಂದು ಸಾಲು ದೊಡ್ಡ ಮರ ಇದ್ದವರಿಗೆ ಆ ಕೆಲಸವೇ ಕಡಿಮೆ. ನನ್ನ ಸಲಹೆ ಇಷ್ಟೇ: ಮೂಡು ಮತ್ತು ಬಡಗು ಬದಿಯಲ್ಲಿ ಗಾಳಿಗೆ ದಾರಿ ಬಿಡಿ, ತೆಂಕು ಪಡುವಣದ ಮರ ಕಡಿಯಬೇಡಿ. ಕುಮ್ಕಿ ಜಾಗದ (ತೋಟಕ್ಕೆ ತಾಗಿದ, ಕೃಷಿಕರು ಸೊಪ್ಪು ಸೌದೆಗೆ ಬಳಸುವ ಸರಕಾರಿ ಜಾಗ) ಹಳೆಯ ಮರಗಳನ್ನು ತೆಗೆದು ರಬ್ಬರ್ ಹಾಕುವ ಮೊದಲು ಇದನ್ನು ಯೋಚಿಸಿ.

ಡಿಸೆಂಬರಿನಲ್ಲಿ ಘಟ್ಟದ ಬುಡದಲ್ಲಿ ಚಳಿ, ಮಂಜು. ಉಡುಪಿಯಲ್ಲಿ ಯಾಕಿಲ್ಲ?

ರಾತ್ರಿ ಗುಡ್ಡದ ಮೇಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ಇಳಿದು ಗುಡ್ಡಗಳ ನಡುವಿನ ಬೈಲಿನಲ್ಲಿ ನಿಲ್ಲುತ್ತದೆ. ತೋಡು, ಗದ್ದೆ, ಕಾಡಿನ ತೇವ ಸೇರಿ ಮಂಜು ಕಟ್ಟುತ್ತದೆ. ಉಡುಪಿಯಲ್ಲಿ ಸಮುದ್ರ ನೆಲವನ್ನು ಅಷ್ಟು ತಣ್ಣಗಾಗಲು ಬಿಡುವುದಿಲ್ಲ. ಎತ್ತರದ ಶಿಖರಗಳಲ್ಲಿ ಮರದ ಎಲೆಗಳು ಮೋಡದಿಂದಲೇ ಹನಿ ಹಿಡಿದು ನೆಲಕ್ಕೆ ಇಳಿಸುತ್ತವೆ. ಮಳೆಮಾಪಕದಲ್ಲಿ ಇದು ದಾಖಲಾಗುವುದೇ ಇಲ್ಲ.

ಮಂಗಳೂರು ಪೇಟೆಯ ಸೆಕೆಗೂ ಘಟ್ಟದ ಕಾಡಿಗೂ ಸಂಬಂಧ ಇದೆಯಾ?

ಹಗಲಿನ ಸೆಕೆಗೆ ನೇರ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ. ಕಾಡಿನ ತಂಪು ಅದರ ಅಂಚಿನಿಂದ ಸ್ವಲ್ಪ ದೂರದವರೆಗೆ ಮಾತ್ರ. ಹಂಪನಕಟ್ಟೆಯ ಬಿಸಿಗೆ ಹಂಪನಕಟ್ಟೆಯ ಡಾಂಬರು, ಕಾಂಕ್ರೀಟು, ಕಡಿದ ಸಾಲುಮರಗಳೇ ಕಾರಣ. ಅದಕ್ಕೆ ಪರಿಹಾರವೂ ಅಲ್ಲೇ ಆಗಬೇಕು. ಇನ್ನೊಂದು ಮಾತು. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ. ಹಾಗಾಗಿ ಪೇಟೆಯಲ್ಲಿ ಮರದಿಂದ ಸಿಗುವ ದೊಡ್ಡ ಲಾಭ ನೆರಳು. ಬಸ್ ಕಾಯುವವರ ತಲೆಯ ಮೇಲೆ ಕೊಂಬೆ ಚಾಚುವ ಹೊನ್ನೆ, ಮಾವು, ಹಲಸು ಬೇಕು. ಮೀಡಿಯನ್‌ನಲ್ಲಿ ಸಾಲಾಗಿ ನಿಂತ ಅಲಂಕಾರದ ತಾಳೆಯಿಂದ ಆ ಕೆಲಸ ಆಗದು.

ಮನೆ ಹತ್ತಿರದ ಸಣ್ಣ ಹಾಡಿ (ಊರ ನಡುವಿನ ಕಾಡು), ನಾಗಬನದಿಂದ ಏನಾದೀತು?

ಗಾತ್ರ ಮುಖ್ಯ ಎಂಬುದು ಸತ್ಯ. ಅಂಚಿನಿಂದ ಹತ್ತಾರು ಮೀಟರ್ ಒಳಗಿನವರೆಗೂ ಬಿಸಿಲು ಮತ್ತು ಒಣ ಗಾಳಿ ನುಗ್ಗುತ್ತದೆ. ಹತ್ತು ಸೆಂಟ್ಸ್ ಬನ ಎಂದರೆ ಪೂರ್ತಿ ಅಂಚೇ. ದೊಡ್ಡ ಕಾಡಿನ ತಂಪು ಅಲ್ಲಿ ಸಿಗುವುದಿಲ್ಲ.

ಆದರೂ ಅದರ ಬೆಲೆ ಕಡಿಮೆಯಲ್ಲ. ಬನದ ಮಣ್ಣನ್ನು ತಲೆಮಾರುಗಳಿಂದ ಯಾರೂ ಅಗೆದಿಲ್ಲ, ತರಗೆಲೆ ಬಾಚಿಲ್ಲ. ಮಳೆ ನೀರು ಇಳಿಯಲು ಊರಿನಲ್ಲೇ ಒಳ್ಳೆಯ ಜಾಗ ಅದು. ಊರ ಕಾಡಿನ ಬೀಜಗಳು ಉಳಿದಿರುವುದೂ ಅಲ್ಲೇ. ಜೀರ್ಣೋದ್ಧಾರ ಎಂದು ಮರ ಬಳ್ಳಿ ತೆಗೆದು, ನೆಲಕ್ಕೆ ಕಾಂಕ್ರೀಟು ಹಾಕಿ, ಗ್ರಾನೈಟ್ ಕಟ್ಟೆ ಮಾಡಿದ ಬನಗಳನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಬೇಸಗೆಯಲ್ಲಿ ಅಲ್ಲಿ ಬರಿಗಾಲಲ್ಲಿ ನಿಂತು ತಂಬಿಲ (ನಾಗನಿಗೆ ಸಲ್ಲಿಸುವ ಪೂಜೆ) ಕೊಡುವುದೂ ಕಷ್ಟ. ನಾಗನ ಹೆಸರಲ್ಲಿ ಕಾಪಾಡಿದ ತಂಪನ್ನು ನಾಗನ ಹೆಸರಲ್ಲೇ ಕಳೆಯಬೇಡಿ. ಕಟ್ಟೆ ಬೇಕೇ ಬೇಕು ಎಂದಾದರೆ ಕಲ್ಲಿನ ಸುತ್ತ ಮಾತ್ರ ಮಾಡಿ, ಉಳಿದ ನೆಲ ಮಣ್ಣಾಗಿಯೇ ಇರಲಿ.

ಕುದುರೆಮುಖದ ಬೋಳು ಗುಡ್ಡಗಳಿಗೆ ಗಿಡ ನೆಟ್ಟರೆ ಒಳ್ಳೆಯದಲ್ವಾ?

ಬೇಡ. ಅದು ಕಡಿದು ಬೋಳಾದ ಗುಡ್ಡ ಅಲ್ಲ. ಕಣಿವೆಯಲ್ಲಿ ಶೋಲಾ ಎಂಬ ಕುಳ್ಳು ಮರಗಳ ದಟ್ಟ ಕಾಡು, ಮೇಲೆ ಹುಲ್ಲುಗಾವಲು ಇರುವುದೇ ಅಲ್ಲಿನ ಸಹಜ ರೂಪ. ಆ ಹುಲ್ಲೂ ನೀರು ಇಳಿಸುತ್ತದೆ, ಕಡಿಮೆ ಖರ್ಚು ಮಾಡುತ್ತದೆ. ನೇತ್ರಾವತಿ, ತುಂಗಾ, ಭದ್ರಾ ಹುಟ್ಟುವುದು ಅಂಥ ನೆಲದಲ್ಲೇ.

ನಮ್ಮ ಖಾಲಿ ಗುಡ್ಡೆಯಲ್ಲಿ ಕಾಡು ಮಾಡಬೇಕೆಂದರೆ ಏನು ಮಾಡಬೇಕು?

ಮೊದಲು ಬೆಂಕಿ ನಿಲ್ಲಿಸಿ, ಆಮೇಲೆ ತರಗೆಲೆ ಬಾಚುವುದನ್ನು ನಿಲ್ಲಿಸಿ, ದನ ಬರದಂತೆ ಬೇಲಿ ಹಾಕಿ. ಹತ್ತಿರದಲ್ಲಿ ಒಂದು ಹಾಡಿ ಇದ್ದರೆ ಹಕ್ಕಿ, ಬಾವಲಿಗಳು ಬೀಜ ತಂದು ಹಾಕುತ್ತವೆ. ನಮ್ಮ ಮಳೆಗೆ ಗಿಡ ತಾನಾಗಿಯೇ ಏಳುತ್ತದೆ. ನೆಡುವುದಾದರೆ ಬಿಸಿಲು ತಾಳುವ ನೇರಳೆ, ಹೊನ್ನೆ, ಮಾವು ಮೊದಲು. ಅವು ನೆರಳು ಕೊಟ್ಟ ಮೇಲೆ ಧೂಪ, ಬೋಗಿಯಂಥವು. ಧೂಪದ ಎಳೆ ಗಿಡವನ್ನು ತೆರೆದ ಪದವಿನಲ್ಲಿ ನೆಟ್ಟು ಬೇಸಗೆಗೆ ಸಾಯಿಸಿದವರು ಬಹಳ ಜನ. ನಾಲ್ಕೈದು ವರ್ಷಕ್ಕೆ ನೆರಳು ಬರುತ್ತದೆ, ಮಧ್ಯಾಹ್ನದ ಬಿಸಿ ಇಳಿದದ್ದು ಮೈಗೆ ಗೊತ್ತಾಗುತ್ತದೆ. ಮಣ್ಣು ಹಳೆಯ ಹದಕ್ಕೆ ಬರಲು ದಶಕಗಳು ಬೇಕು. ಅಷ್ಟರವರೆಗೆ ಮದಕದ (ಗುಡ್ಡದ ಕೆರೆ) ಹೂಳೆತ್ತುವುದು, ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುವುದು ಜೊತೆಗೇ ನಡೆಯಲಿ. ಬಂಟ್ವಾಳದ ಮಾಣಿಲ ಕಡೆ ಸುರಂಗದ, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ, ನೀರು ನಂಬಿದವರು ಅದರ ಮೇಲಿನ ಗುಡ್ಡೆಯನ್ನೂ ನೋಡಿಕೊಳ್ಳಬೇಕು.

ಇದನ್ನೆಲ್ಲ ನಾವೇ ಅಳೆದು ನೋಡಬಹುದಾ?

ಖಂಡಿತ. ಶಾಲೆಯ ಮಕ್ಕಳಿಗೂ ಆಗುವ ಕೆಲಸ. ಒಂದೇ ಮಾದರಿಯ ಎರಡು ಗರಿಷ್ಠ–ಕನಿಷ್ಠ ಉಷ್ಣಮಾಪಕ ತನ್ನಿ. ಗಾಳಿ ಆಡುವ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯಲ್ಲಿ ಇಡಿ. ಎದೆಯ ಎತ್ತರಕ್ಕೆ, ಒಂದನ್ನು ಹಾಡಿಯೊಳಗೆ, ಇನ್ನೊಂದನ್ನು ಬಯಲಿನಲ್ಲಿ ನಿಲ್ಲಿಸಿ. ಮೊದಲ ಒಂದು ವಾರ ಎರಡನ್ನೂ ಒಟ್ಟಿಗೆ ಇಟ್ಟು, ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡಿಕೊಳ್ಳಿ. ಈ ಹೆಜ್ಜೆ ತಪ್ಪಿಸಿದರೆ ಉಳಿದದ್ದೆಲ್ಲ ವ್ಯರ್ಥ. ದಿನವೂ ಒಂದೇ ಹೊತ್ತಿಗೆ ಬರೆದುಕೊಳ್ಳಿ. ಜೊತೆಗೆ ವಾರಕ್ಕೊಮ್ಮೆ ಬಾವಿಗೆ ಹಗ್ಗ ಇಳಿಸಿ ನೀರಿನ ಮಟ್ಟ ಅಳೆಯಿರಿ. ಪಂಚಾಯತ್ ಮಟ್ಟದ ಮಳೆಯ ಅಂಕಿಗಳು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತವೆ. ಅವನ್ನು ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ. ಶುರು ಮಾಡಲು ಒಳ್ಳೆಯ ಸಮಯ ಡಿಸೆಂಬರ್. ಎರಡು ಉಷ್ಣಮಾಪಕಗಳ ನಡುವಿನ ವ್ಯತ್ಯಾಸ ಫೆಬ್ರವರಿಯಿಂದ ಮೇ ಮಧ್ಯದವರೆಗೆ ಚೆನ್ನಾಗಿ ಕಾಣುತ್ತದೆ.